ಹದಿನಾರು ಮನೆ, ಹದಿನೇಳು ಡ್ರಮ್ಮು

ಒಂದು ಭಾನುವಾರ ಬೆಳಿಗ್ಗೆ, ಎರಡನೇ ಲೋಟ ಕಾಫಿ ಮುಗಿಯುವ ಮೊದಲೇ, ಪಾಲಿಸಿ ಭೂಮಿಯನ್ನು ಉಳಿಸಲು ತೀರ್ಮಾನಿಸಿದ. ಇಡೀ ಭೂಮಿಗೆ ಒಮ್ಮೆಲೇ ಕೈಹಾಕುವುದು ಬೇಡ, ತಾನಿರುವ ಕಟ್ಟಡದಿಂದ ಶುರು ಮಾಡೋಣ ಎಂದುಕೊಂಡ. ಹದಿನಾರು ಮನೆಗಳು ಖರ್ಚು ಮಾಡುವ ನೀರನ್ನು ಒಂದೇ ತಿಂಗಳಲ್ಲಿ ಅರ್ಧಕ್ಕಿಳಿಸುವುದು. ಆಮೇಲೆ ಬೀದಿ, ಆಮೇಲೆ ಊರು. ಉಳಿದ ಖಂಡಗಳ ವಿಚಾರ ಮುಂದಿನ ವರ್ಷ ನೋಡಿಕೊಂಡರಾಯಿತು.

ಪಾಲಿಸಿ ಎಂದರೆ ವಿಮೆ ಏಜೆಂಟ. ತಂದೆತಾಯಿ ಇಟ್ಟ ಹೆಸರು ಬೇರೆ ಇತ್ತು. ಇಪ್ಪತ್ತೆರಡು ವರ್ಷದ ಉದ್ಯೋಗ ಆ ಹೆಸರನ್ನು ನುಂಗಿ ನೀರು ಕುಡಿದಿತ್ತು. ಬಿರುಬೇಸಿಗೆಯಲ್ಲೂ ಕತ್ತಿನಲ್ಲಿ ಟೈ, ಕಂಕುಳಲ್ಲಿ ಚರ್ಮದ ಬ್ಯಾಗು. ಜನರನ್ನು ಹೆದರಿಸುವ ಕಲೆಯಲ್ಲಿ ಅವನಿಗೆ ಸರಿಸಾಟಿ ಇರಲಿಲ್ಲ. ಸೋಫಾದ ತುದಿಯಲ್ಲಿ ಕೂತು, ಕೊಟ್ಟ ಬಿಸ್ಕತ್ತನ್ನು ಅರ್ಧ ಕಚ್ಚಿ ತಟ್ಟೆಗಿಟ್ಟು, ದನಿ ತಗ್ಗಿಸಿ, "ದೇವರು ಹಾಗೆ ಮಾಡದೇ ಇರಲಿ, ಆದ್ರೆ ನಾಳೆ ಏನಾದ್ರೂ..." ಎಂದು ನಿಲ್ಲಿಸಿಬಿಡುತ್ತಿದ್ದ. ಆ ಮೌನದಲ್ಲೇ ಎದುರಿಗಿದ್ದವರು ಸಹಿ ಹಾಕಲು ಪೆನ್ನು ಹುಡುಕತೊಡಗುತ್ತಿದ್ದರು.

"ಜನ ಯಾಕೆ ನೀರು ಪೋಲು ಮಾಡ್ತಾರೆ ಗೊತ್ತಾ?" ಎಂದು ಹೆಂಡತಿಯನ್ನು ಕೇಳಿದ. ಅವಳು ಒಣಗಿದ ಬಟ್ಟೆ ಮಡಿಸುತ್ತಿದ್ದಳು.

"ಜನರದು ಗೊತ್ತಿಲ್ಲ. ನೀವು ಗಡ್ಡ ಕೆರೆಯೋವಾಗ ನಲ್ಲಿ ಯಾಕೆ ಬಿಟ್ಟಿರ್ತೀರಿ ಅಂತ ಹದಿನೆಂಟು ವರ್ಷದಿಂದ ಯೋಚನೆ ಮಾಡ್ತಿದೀನಿ."

"ಭಯ ಇಲ್ಲ, ಅದಕ್ಕೆ. ನಾಳೆ ಅನ್ನೋದರ ಭಯ ಇಲ್ಲ. ಇವತ್ತು ಸಾಯಂಕಾಲ ನಾನು ಆ ಭಯ ಹುಟ್ಟಿಸ್ತೀನಿ. ಆಮೇಲೆ ನೋಡು ಹೇಗೆ ದಾರಿಗೆ ಬರ್ತಾರೆ."

ಹೆಂಡತಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಮಾತು ಕಡಿಮೆ, ಆದರೆ ಆಡಿದ್ದು ಸೂಜಿಯ ಹಾಗೆ ಸೀದಾ ನರಕ್ಕೇ ಇಳಿಯುತ್ತಿತ್ತು. "ರೀ, ನಾನು ದಿನಾ ಅರವತ್ತು ಜನಕ್ಕೆ ಸೂಜಿ ಚುಚ್ಚೋಳು. ಹೆದರಿದ ಮನುಷ್ಯ ಕೈ ಮುಂದಕ್ಕೆ ಚಾಚಲ್ಲ, ಹಿಂದಕ್ಕೆ ಎಳ್ಕೋತಾನೆ," ಎಂದಳು.

ಪಾಲಿಸಿ ಅದನ್ನು ಕೇಳಿಸಿಕೊಳ್ಳಲಿಲ್ಲ. ಅವನಾಗಲೇ ದೊಡ್ಡ ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ ಒಂದು ನಲ್ಲಿ ಬರೆದು, ಅದರ ಬಾಯಿಗೆ ಜೇಡರ ಬಲೆ ಕಟ್ಟುತ್ತಿದ್ದ.

ಸಂಜೆ ಐದಕ್ಕೆ ಕಟ್ಟಡದ ಕೆಳಗೆ, ಸ್ಕೂಟರು ನಿಲ್ಲಿಸುವ ಜಾಗದಲ್ಲಿ ಸಭೆ ಸೇರಿತು. ಕಟ್ಟಡದ ಸಂಘಕ್ಕೆ ಮೇಷ್ಟ್ರು ಅಧ್ಯಕ್ಷರು. ನಿವೃತ್ತ ಗಣಿತದ ಮೇಷ್ಟ್ರು, ಮೂರನೇ ಮಹಡಿ. ಮುಂದಿನ ಸಾಲಿನಲ್ಲಿ ಮೊದಲ ಮಹಡಿಯ ಹಲ್ಲಿನ ಡಾಕ್ಟರಮ್ಮ, ಮಡಿಲಲ್ಲಿ ಆರು ವರ್ಷದ ಮಗಳು. ಪಾಲಿಸಿ ಚಿತ್ರವನ್ನು ಗೋಡೆಗೆ ತೂಗುಹಾಕಿ, ಟೈ ಸರಿಮಾಡಿಕೊಂಡು, ದನಿ ತಗ್ಗಿಸಿದ.

"ದೇವರು ಹಾಗೆ ಮಾಡದೇ ಇರಲಿ. ಆದ್ರೆ ಇಪ್ಪತ್ತು ವರ್ಷ ಆದ್ಮೇಲೆ ಒಂದು ಬೆಳಿಗ್ಗೆ ನೀವು ಎದ್ದು ನಲ್ಲಿ ತಿರುಗಿಸ್ತೀರಿ. ನೀರು ಬರಲ್ಲ. ಬುಸ್ ಅಂತ ಗಾಳಿ ಬರುತ್ತೆ. ಮಗು ನೀರು ಅನ್ನುತ್ತೆ. ನೀವೇನು ಕೊಡ್ತೀರಿ?"

ಅಷ್ಟು ಹೇಳಿ ನಿಲ್ಲಿಸಿದ. ಆ ಮೌನ ಅವನ ವೃತ್ತಿಜೀವನದಲ್ಲೇ ಅತ್ಯಂತ ಉದ್ದದ ಮೌನ. ಡಾಕ್ಟರಮ್ಮನ ಮುಖದ ಮೇಲೆ ಅವರ ಕುರ್ಚಿಯಲ್ಲಿ ಕೂರುವ ರೋಗಿಗಳ ಮುಖಭಾವ ಬಂತು. ಮೇಷ್ಟ್ರು ಜೇಬಿನಿಂದ ಚೀಟಿ ತೆಗೆದು ಏನೋ ಗುಣಿಸತೊಡಗಿದರು. ಒಬ್ಬೊಬ್ಬರೇ ಎದ್ದು, ಸಾವಿನ ಮನೆಯಿಂದ ಹೊರಟವರ ಹಾಗೆ ಹೋದರು.

"ಕ್ರಾಂತಿ ಆಗೋಯ್ತು ಅಂದ್ಕೋ," ಎಂದು ಪಾಲಿಸಿ ಮನೆಗೆ ಬಂದು ಟೈ ಬಿಚ್ಚಿದ. ಕಿಟಕಿಯ ಬಳಿ ಅಂಗಿಗೆ ಗುಂಡಿ ಹಾಕುತ್ತಿದ್ದ ಅತ್ತೆ ತಲೆಯೆತ್ತಿ, "ಯಾಕೆ ಅಳಿಯಂದಿರೇ, ಕೆಳಗೆ ಯಾರಿಗಾದ್ರೂ ಏನಾದ್ರೂ ಆಯ್ತಾ? ಎಲ್ಲರೂ ಮುಖ ಒಣಗಿಸ್ಕೊಂಡು ಹೋದ್ರು," ಎಂದು ಕೇಳಿದರು. ಪಾಲಿಸಿಗೆ ಅದೇ ದೊಡ್ಡ ಬಿರುದಿನಂತೆ ಕೇಳಿಸಿತು.

ಸೋಮವಾರ ಎಂಟು ಗಂಟೆಗೆ ಕಟ್ಟಡದ ಮುಂದೆ ಒಂದು ಸಾಮಾನಿನ ಗಾಡಿ ಬಂದು ನಿಂತಿತು. ಅದರ ತುಂಬ ಎದೆಯೆತ್ತರದ ನೀಲಿ ಪ್ಲಾಸ್ಟಿಕ್ ಡ್ರಮ್ಮುಗಳು. ಜನ ಸಾಲಾಗಿ ಬಂದು ಒಂದೊಂದನ್ನು ಉರುಳಿಸಿಕೊಂಡು ಒಳಗೆ ಹೋಗುತ್ತಿರುವುದನ್ನು ಪಾಲಿಸಿ ಬಾಲ್ಕನಿಯಿಂದ ಕಂಡ. ನೀರಿನ ಮಾತು ಕೇಳಿಯೇ ಇಷ್ಟು ಬೇಗ ಕಸ ಬೇರ್ಪಡಿಸಲೂ ಹೊರಟರಲ್ಲ ಎಂದು ಹೆಮ್ಮೆಯಿಂದ ಕಣ್ಣು ಒದ್ದೆಯಾಯಿತು. ಡಾಕ್ಟರಮ್ಮ ಎರಡು ಡ್ರಮ್ಮು ಒಯ್ದರು, ಮೇಷ್ಟ್ರೂ ಎರಡು. ಅಧ್ಯಕ್ಷರಲ್ಲವೇ, ಮಾದರಿಯಾಗಿರಬೇಕು.

ಆ ಡ್ರಮ್ಮುಗಳಿಗೆ ಏನು ತುಂಬುತ್ತಿದ್ದಾರೆಂದು ಅವನಿಗೆ ತಿಳಿದದ್ದು ಹತ್ತೂ ಕಾಲಕ್ಕೆ, ಬಚ್ಚಲಲ್ಲಿ, ತಲೆಯಿಂದ ಮೊಣಕಾಲಿನವರೆಗೆ ಸೋಪಿನ ನೊರೆ ಮೆತ್ತಿಕೊಂಡಾಗ. ಹನ್ನೊಂದಕ್ಕೆ ಒಂದು ಶಾಲೆಯ ಮುಖ್ಯೋಪಾಧ್ಯಾಯಿನಿಯ ಜೊತೆ ಭೇಟಿ ಇತ್ತು. ನಲವತ್ತು ಶಿಕ್ಷಕರಿಗೆ ಒಟ್ಟಿಗೇ ವಿಮೆ ಮಾಡಿಸುವ ವಿಷಯ. ಎಂಟು ತಿಂಗಳು ಅಲೆದು ಗಿಟ್ಟಿಸಿದ ಭೇಟಿ. ಕಣ್ಣು ಮುಚ್ಚಿಕೊಂಡೇ ನಲ್ಲಿ ತಿರುಗಿಸಿದ.

ನಲ್ಲಿ ಬುಸ್ ಎಂದಿತು.

ಮತ್ತೊಮ್ಮೆ ತಿರುಗಿಸಿದ. ನಲ್ಲಿ ತನ್ನ ಮಾತಿಗೇ ಅಂಟಿಕೊಂಡಿತು. ಇಪ್ಪತ್ತು ವರ್ಷದ ನಂತರ ಬರಬೇಕಿದ್ದ ಭವಿಷ್ಯ ಹದಿನೇಳು ಗಂಟೆಯಲ್ಲಿ ಬಂದು ಬಚ್ಚಲಲ್ಲಿ ನಿಂತಿತ್ತು. ಅತ್ತೆಯ ಕೋಣೆಯಲ್ಲಿ ಕುಡಿಯುವುದಕ್ಕೆಂದು ಇಟ್ಟ ಒಂದು ಬಿಂದಿಗೆ ಬಿಟ್ಟರೆ ಮನೆಯಲ್ಲಿ ತೊಟ್ಟು ನೀರಿಲ್ಲ. ಶೇಖರಿಸಿಡುವುದು ದುರಾಸೆ ಎಂದು ಪಾಲಿಸಿಯೇ ಬಕೆಟ್ಟುಗಳನ್ನೆಲ್ಲ ಬೋರಲು ಹಾಕಿದ್ದ. ಹೆಂಡತಿ ಏಳಕ್ಕೇ ಕೆಲಸಕ್ಕೆ ಹೋಗಿದ್ದಳು. ಅತ್ತೆಯನ್ನು ಬಚ್ಚಲಿನೊಳಗಿಂದ ಕೂಗಿ ಕರೆಯುವ ಧೈರ್ಯ ಯಾವ ಅಳಿಯನಿಗೂ ಇರುವುದಿಲ್ಲ.

ಟವೆಲು ಸುತ್ತಿಕೊಂಡು, ಕಣ್ಣು ಕಿರಿದು ಮಾಡಿಕೊಂಡು, ಗೋಡೆ ಸವರುತ್ತ ಮೇಲಿನ ಮಹಡಿಗೆ ಹತ್ತಿದ. ಮೇಷ್ಟ್ರು ಚಿಲಕದ ಸರಪಳಿ ತೆಗೆಯದೆ ಬಾಗಿಲನ್ನು ನಾಲ್ಕು ಬೆರಳು ತೆರೆದರು. ಒಂದು ಡ್ರಮ್ಮು ಒಳಗಿತ್ತು. ಒಳಗೆ ಹಿಡಿಸದ ಇನ್ನೊಂದು ತುಂಬಿ ತುಳುಕುತ್ತ ಬಾಗಿಲ ಪಕ್ಕದಲ್ಲಿ, ಮೆಟ್ಟಿಲ ತಲೆಯಲ್ಲಿ, ಒಂದು ಮರದ ಸ್ಟೂಲಿನ ಮೇಲೆ ಕೂತಿತ್ತು.

"ಮೇಷ್ಟ್ರೇ, ಒಂದು ಚೊಂಬು ನೀರು ಕೊಡಿ. ಕಣ್ಣು ಉರೀತಿದೆ."

"ಇಪ್ಪತ್ತು ವರ್ಷ ಆಗೋಯ್ತೇನಪ್ಪಾ ಆಗ್ಲೇ?" ಎಂದರು ಮೇಷ್ಟ್ರು. ಕುಹಕವಲ್ಲ, ಅವರಿಗೆ ನಿಜವಾಗಿಯೂ ಗಾಬರಿ. "ನೋಡು, ರಾತ್ರಿಯೆಲ್ಲ ಲೆಕ್ಕ ಹಾಕಿದೀನಿ. ನಾನು, ನನ್ನಾಕೆ, ದಿನಕ್ಕೆ ಇಷ್ಟು ಲೋಟ ಅಂತ. ನಿನಗೆ ಚೊಂಬು ಕೊಟ್ರೆ ನಮ್ಮ ಆಯಸ್ಸಲ್ಲಿ ಎರಡು ದಿನ ಕಮ್ಮಿ ಆಗುತ್ತೆ. ಹಾಗಂತ ಹೇಳಿದ್ದೇ ನೀನು."

ಬಾಗಿಲು ಮುಚ್ಚಿತು. ಪಾಲಿಸಿ ಮೊದಲ ಮಹಡಿಗೆ ಇಳಿದ. ಡಾಕ್ಟರಮ್ಮ ಅವನ ಸ್ಥಿತಿ ಕಂಡು ಮರುಗಿ, ಒಳಗೆ ಹೋಗಿ, ಒಂದು ಪುಟ್ಟ ಕಾಗದದ ಲೋಟದಲ್ಲಿ ನೀರು ತಂದುಕೊಟ್ಟರು. ಅರ್ಧ ತುಂಬಿತ್ತು.

"ಇಷ್ಟೇನಾ ಡಾಕ್ಟರೇ?"

"ಬಾಯಿ ಮುಕ್ಕಳಿಸೋಕೆ ಎಲ್ಲರಿಗೂ ಇಷ್ಟೇ ಕೊಡೋದು," ಎಂದರು. "ಮಗು ನೀರು ಕೇಳಿದ್ರೆ ಏನು ಕೊಡ್ತೀರಿ ಅಂದ್ರಲ್ಲ. ನನಗೆ ನಿದ್ದೆ ಬಂದಿಲ್ಲ."

ಆ ನೀರಿಗೆ ಒಂದು ಕಣ್ಣು ಮಾತ್ರ ತೆರೆಯಿತು. ಆ ಒಂದು ಕಣ್ಣಿನಿಂದ ಮಿಕ್ಕ ಅನಾಹುತವನ್ನೆಲ್ಲ ಅವನು ನೋಡಬೇಕಾಯಿತು. ನೀರು ನಿಂತಿತೆಂದು ಮನೆಮನೆಯಿಂದ ಒಬ್ಬೊಬ್ಬರಾಗಿ ಓಡಿಬಂದು, ಕೆಳಗಿನ ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರೆತ್ತುವ ಮೋಟಾರನ್ನು ಹಾಕುತ್ತಿದ್ದರು. ಸಂಪಿನಲ್ಲಿ ಹನಿ ನೀರಿರಲಿಲ್ಲ, ಅದೂ ಡ್ರಮ್ಮು ಸೇರಿತ್ತು. ಖಾಲಿ ಹೊಟ್ಟೆಯಲ್ಲಿ ಕಾಲು ಗಂಟೆ ಗೊರಗೊರ ಎಂದ ಮೋಟಾರು ಕೊನೆಗೆ ಸುಟ್ಟ ರಬ್ಬರಿನ ವಾಸನೆ ಬಿಟ್ಟು ಸುಮ್ಮನಾಯಿತು. ಯಾರೋ ಪ್ಲಂಬರನಿಗೆ ಫೋನು ಮಾಡಿದರು.

ಅತ್ತ ಮೂರನೇ ಮಹಡಿಯಲ್ಲಿ ಮೇಷ್ಟ್ರಿಗೆ ಬೇರೆ ಚಿಂತೆ ಹತ್ತಿತ್ತು. ಕಣ್ಣುರಿಯವನು ಬಂದು ಹೋದ ಮೇಲೆ ಹೊರಗಿನ ಡ್ರಮ್ಮನ್ನು ಹೊರಗೇ ಬಿಡುವುದು ಕ್ಷೇಮವಲ್ಲ ಎಂದು ಅದನ್ನು ಒಳಗೆಳೆಯಲು ಹೋದರು. ಸ್ಟೂಲು ಅವರ ಇಬ್ಬರು ಮಕ್ಕಳು ಶಾಲೆಗೆ ಹೋಗುತ್ತಿದ್ದ ಕಾಲದ್ದು. ಒಂದು ಕಾಲು ಮುರಿಯಿತು. ಇನ್ನೂರು ಲೀಟರು ನೀರು, ಇಪ್ಪತ್ತು ವರ್ಷಕ್ಕೆಂದು ಕೂಡಿಟ್ಟದ್ದು, ಒಂದೇ ಏಟಿಗೆ ಮೆಟ್ಟಿಲಿಳಿಯಿತು.

ಪಾಲಿಸಿ ಆಗಷ್ಟೇ ಮೆಟ್ಟಿಲು ಹತ್ತುತ್ತಿದ್ದ. ಎದುರಿನಿಂದ ಹೊಳೆಯೊಂದು ಬರುತ್ತಿರುವುದು ಒಂದು ಕಣ್ಣಿಗೆ ಕಂಡಿತು. ಗೋಡೆಯ ಕಂಬಿಯನ್ನು ಎರಡು ಕೈಯಿಂದ ಹಿಡಿದುಕೊಂಡು ನಿಂತ. ಟವೆಲು ಉಳಿಯಿತು, ಮಾನ ಉಳಿಯಿತು. ಸೋಪು ಮಾತ್ರ ಒಂದು ಚೂರೂ ಉಳಿಯಲಿಲ್ಲ. ಅವನ ಜೀವನದಲ್ಲಿ ಅಷ್ಟು ಸ್ವಚ್ಛವಾದ ಸ್ನಾನ ಎಂದೂ ಆಗಿರಲಿಲ್ಲ.

ನೀರು ಅವನನ್ನು ದಾಟಿ ಕೆಳಗಿಳಿದು ಸ್ಕೂಟರುಗಳ ನಡುವೆ ಹರಡಿತು. ಹಿಂದೆಯೇ ಇಡೀ ಕಟ್ಟಡ ಬಕೆಟ್ಟು, ಚೊಂಬು, ನೆಲ ಒರೆಸುವ ಬಟ್ಟೆ ಹಿಡಿದು ಓಡಿಬಂತು. ಆದರೆ ತುಂಬಿಕೊಳ್ಳುವಷ್ಟು ಹೊತ್ತು ನೀರು ನಿಲ್ಲಲಿಲ್ಲ. ಮೂಲೆಯಲ್ಲೊಂದು ಹಳೆಯ ಕಲ್ಲುಚಪ್ಪಡಿ ಇತ್ತು, ಆರು ಸ್ಕೂಟರು ನಿಲ್ಲುವಷ್ಟು ಅಗಲ. ನೀರೆಲ್ಲ ಸುಳಿ ತಿರುಗುತ್ತ ಆ ಚಪ್ಪಡಿಯ ಅಂಚಿನ ಬಿರುಕಿಗೆ ಹೋಗಿ ಗುಳುಗುಳು ಎಂದು ಮಾಯವಾಯಿತು. ಸ್ವಲ್ಪ ಹೊತ್ತಿನ ಮೇಲೆ ಎಲ್ಲೋ ಆಳದಿಂದ 'ಬುಳುಂ' ಎಂದು ಕೇಳಿಸಿತು.

ಮೋಟಾರು ನೋಡಲು ಬಂದಿದ್ದ ಪ್ಲಂಬರು ಕೈಚೀಲ ಕೆಳಗಿಟ್ಟು, ಮಂಡಿಯೂರಿ, ಚಪ್ಪಡಿಗೆ ಕಿವಿ ಹಚ್ಚಿದ. ಐವತ್ತರ ಮನುಷ್ಯ, ಪೈಪಿನ ಸದ್ದಿನಲ್ಲೇ ರೋಗ ಹೇಳುವವನು.

"ಬಾವಿ," ಎಂದ.

"ಯಾವ ಬಾವಿ?" ಎಂದರು ಮೇಷ್ಟ್ರು.

"ಈ ಕಟ್ಟಡಕ್ಕೆ ಪೈಪು ಹಾಕಿದ್ದು ನಮ್ಮಪ್ಪ. ಇಲ್ಲೊಂದು ಒಳ್ಳೆ ಬಾವಿ ಇತ್ತು, ಗಾಡಿ ನಿಲ್ಲಿಸೋಕೆ ಜಾಗ ಬೇಕು ಅಂತ ಚಪ್ಪಡಿ ಎಳೆದುಬಿಟ್ರು ಅಂತಿದ್ರು. ನಾನು ನಂಬಿರ್ಲಿಲ್ಲ."

ಆಗ ಅದನ್ನು ಕೇಳಿಸಿಕೊಳ್ಳುವ ವ್ಯವಧಾನ ಯಾರಿಗೂ ಇರಲಿಲ್ಲ. ಮೋಟಾರು ರಿಪೇರಿಯಾಗಿ ಬರಲು ವಾರ ಬೇಕು ಎಂದು ಪ್ಲಂಬರು ಹೇಳಿದಾಗ ಮಿಕ್ಕ ಹದಿನೈದು ಮನೆಯವರೂ ಒಟ್ಟಿಗೆ ತಿರುಗಿ ಪಾಲಿಸಿಯನ್ನು ನೋಡಿದರು. ಅವನು ಟವೆಲಿನಲ್ಲಿ, ತಲೆಯಿಂದ ತೊಟ್ಟಿಕ್ಕುತ್ತ, ಹೊಳೆಯುತ್ತ ನಿಂತಿದ್ದ.

ಮುಖ್ಯೋಪಾಧ್ಯಾಯಿನಿಯ ಭೇಟಿ ತಪ್ಪಿತು. ಫೋನಿನಲ್ಲಿ ಕಾರಣ ಕೇಳಿದಾಗ "ನೀರಿನ ತೊಂದರೆ" ಎಂದ. "ನಾಳೆ ಬಗ್ಗೆ ಹೇಳೋರು ನೀವು, ಇವತ್ತಿಗೇ ಬರಲಿಲ್ಲವಲ್ಲ," ಎಂದು ಆಕೆ ಫೋನಿಟ್ಟರು.

ಸಂಜೆ ಹೆಂಡತಿ ಬಂದಾಗ ಪಾಲಿಸಿ ಗೋಡೆ ನೋಡುತ್ತ ಕೂತಿದ್ದ.

"ಏನು ಮಾಡಿದ್ರಿ?"

"ಭಯ ಹುಟ್ಟಿಸಿದೆ."

"ಚೆನ್ನಾಗೇ ಹುಟ್ಟಿದೆ," ಎಂದು ಅವಳು ಬಕೆಟ್ಟು ಹಿಡಿದು ಕೆಳಗಿಳಿದಳು.

ಬೀದಿಯ ಕೊಳವೆಯಿಂದ ದಿನಬಿಟ್ಟು ದಿನ ಸಂಜೆ ನೀರು ಬರುತ್ತಿತ್ತು. ಅದು ಕೆಳಗಿನ ಒಂದು ನಲ್ಲಿಯವರೆಗೆ ಮಾತ್ರ ಏರುತ್ತಿತ್ತು. ಅಲ್ಲಿಂದ ಹೊತ್ತುಕೊಂಡೇ ಹೋಗಬೇಕು. ಮೊದಲ ದಿನ ಸಾಲಿನಲ್ಲಿ ಜಗಳ. ಡ್ರಮ್ಮು ತುಂಬಿರುವವರು ಯಾಕೆ ಸಾಲಿಗೆ ಬಂದರು ಎಂದು ಒಬ್ಬರು, ಡ್ರಮ್ಮಿನ ನೀರು ನಾಳೆಗೆ, ಇದು ಇವತ್ತಿಗೆ ಎಂದು ಇನ್ನೊಬ್ಬರು. ಪಾಲಿಸಿ ಬಂದು ನಿಂತರೆ ಹಿಂದೆ ಮುಂದೆ ಇದ್ದವರು ಮುಖ ತಿರುಗಿಸುತ್ತಿದ್ದರು. ಅವರಲ್ಲಿ ಒಂಬತ್ತು ಮನೆಯವರು ಅವನಲ್ಲೇ ವಿಮೆ ಮಾಡಿಸಿದವರು. ರಾಜೀನಾಮೆ ಕೊಡುವಂಥ ಹುದ್ದೆ ಯಾವುದೂ ತನ್ನ ಬಳಿ ಇಲ್ಲವಲ್ಲ ಎಂದು ಅವನಿಗೆ ಅನ್ನಿಸಿತು.

ಬುಧವಾರ ಸಂಜೆ ಅತ್ತೆಯೂ ಕೆಳಗೆ ಬಂದರು. ಮಗಳು ತಂದಿಟ್ಟ ಕುರ್ಚಿಯನ್ನು ಚಪ್ಪಡಿಯ ಪಕ್ಕಕ್ಕೆ ಎಳೆದುಕೊಂಡು ಕೂತರು. ಅತ್ತೆಯ ತಂದೆ ರೈಲ್ವೆಯಲ್ಲಿದ್ದವರು. ಮೂರು ವರ್ಷಕ್ಕೊಂದು ಊರು. ಆ ಊರುಗಳ ಪಟ್ಟಿಯಲ್ಲಿ ಇದೂ ಒಂದು ಎಂದು ಪಾಲಿಸಿ ಕೇಳಿ ಬಲ್ಲ. ನಲ್ಲಿಯಲ್ಲಿ ಬೆರಳು ಗಾತ್ರದ ನೀರು ಸುರಿಯುತ್ತಿತ್ತು, ಸಾಲು ಕದಲುತ್ತಿರಲಿಲ್ಲ. ಡಾಕ್ಟರಮ್ಮನ ಮಗಳು ಬಂದು ಅತ್ತೆಯ ಮೊಣಕಾಲಿಗೆ ಒರಗಿ ನಿಂತಳು.

"ಅಜ್ಜಿ, ಬಾವಿ ಅಂದ್ರೆ ಹೇಗಿರುತ್ತೆ?"

"ನೋಡಿಲ್ವಾ ಪುಟ್ಟಿ?" ಎಂದರು ಅತ್ತೆ. "ಬಿಸಿಲಿಂದ ಬಂದು ಕಟ್ಟೆ ಮೇಲೆ ಹೊಟ್ಟೆ ಹಾಕಿ ಮಲಗಿ ಒಳಗೆ ಬಗ್ಗಿದ್ರೆ, ತಣ್ಣಗೆ ಯಾರೋ ಮುಖಕ್ಕೆ ಉಫ್ ಅಂತ ಊದಿದ ಹಾಗಾಗುತ್ತೆ. ತಳದಲ್ಲಿ ಇಷ್ಟೇ ಇಷ್ಟು ಆಕಾಶ. ಅದರಲ್ಲಿ ನಿನ್ನ ಮುಖ. ನಿನ್ನ ಹೆಸರು ಕೂಗಿದ್ರೆ ಬಾವಿ ವಾಪಸ್ ಕೂಗುತ್ತೆ, ಆದ್ರೆ ಸ್ವಲ್ಪ ಯೋಚನೆ ಮಾಡಿ."

"ಆಮೇಲೆ?"

"ಆಮೇಲೆ ಆಮೆ. ನಮ್ಮ ಬಾವೀಲಿ ಒಂದು ಆಮೆ ಇತ್ತು. ಕೊಡ ಇಳಿಬಿಟ್ರೆ ಅದು ಬಂದು ಮೂಗಿಂದ ತಳ್ಳಿ ನೋಡೋದು. ಒಂದು ಸಲ ಕೊಡದ ಜೊತೆ ಮೇಲೇ ಬಂದುಬಿಡ್ತು. ನಮ್ಮಮ್ಮ ಅದನ್ನ ಬೈದು ವಾಪಸ್ ಕಳಿಸಿದ್ಲು, ಹೇಳದೆ ಕೇಳದೆ ಬರಬಾರದು ಅಂತ. ಬಾವಿಗೆ ಒಂದು ಎಲೆ ಬಿದ್ರೂ ನಾನು, ನಮ್ಮಕ್ಕ ಬಗ್ಗಿ ತೆಗೀಬೇಕಿತ್ತು. ನೀರು ನೋಡಿದ್ರೆ ಉಗುಳೋಕೂ ಮನಸ್ಸು ಬರ್ತಿರ್ಲಿಲ್ಲ."

ಸಾಲೆಲ್ಲ ಅತ್ತೆಯ ಕಡೆ ತಿರುಗಿ ನಿಂತಿತ್ತು. ನಲ್ಲಿಯ ಕೆಳಗಿನ ಬಕೆಟ್ಟು ತುಂಬಿ ಹರಿಯತೊಡಗಿದಾಗ ಮೇಷ್ಟ್ರು ಬಂದು ನಲ್ಲಿ ನಿಲ್ಲಿಸಿದರು, ಆದರೆ ತಮ್ಮ ಬಕೆಟ್ಟು ಇಡಲಿಲ್ಲ. "ನಮ್ಮ ಶಾಲೆ ಹಿಂದೆ ಒಂದು ಕಾಲುವೆ ಇತ್ತು," ಎಂದರು. "ಮೀನು ಪಾದಕ್ಕೆ ಕಚಗುಳಿ ಇಡ್ತಿದ್ವು. ನಾನು ಲೆಕ್ಕ ಕಲಿತದ್ದೇ ಅವನ್ನ ಎಣಿಸೋಕೆ ಹೋಗಿ." ಡಾಕ್ಟರಮ್ಮ ತಾವು ಹೊಳೆಯಲ್ಲಿ ಈಜು ಕಲಿತದ್ದನ್ನು ಹೇಳಿದರು. ಒಬ್ಬೊಬ್ಬರದೂ ಒಂದೊಂದು ಹೊರಗೆ ಬಂತು. ಮೂರು ದಿನ ಮುಖ ಗಂಟಿಕ್ಕಿಕೊಂಡಿದ್ದವರು ನಗುತ್ತಿದ್ದರು. ಮೇಷ್ಟ್ರ ಬಕೆಟ್ಟನ್ನು ಯಾರೋ ತುಂಬಿಸಿ ಅವರ ಕಾಲ ಬಳಿ ಇಟ್ಟರು.

ಪಾಲಿಸಿಗೆ ತಡೆಯಲಾಗಲಿಲ್ಲ. ಇಂಥ ಸಮಯದಲ್ಲಿ ಒಂದು ಮಾತು ಹೇಳಿದರೆ ಬಾವಿ ನಾಳೆಯೇ ತೆರೆಯುತ್ತದೆ ಎನ್ನಿಸಿ, ಮುಂದೆ ಬಂದು ದನಿ ತಗ್ಗಿಸಿದ. "ದೇವರು ಹಾಗೆ ಮಾಡದೇ ಇರಲಿ, ಆದ್ರೆ ಈ ಬಾವೀನ ಈಗಲೇ ತೆಗೀದೇ ಹೋದ್ರೆ..."

ಒಟ್ಟಿಗೇ ಹದಿನಾರು ಕೈಗಳು ತಂತಮ್ಮ ಬಕೆಟ್ಟಿನ ಹಿಡಿಗೆ ಹೋದವು. ಹೆಂಡತಿ ಹಿಂದಿನಿಂದ ಅವನ ಅಂಗಿ ಜಗ್ಗಿದಳು. "ಕೂತ್ಕೊಳ್ಳಿ. ಈಗಷ್ಟೇ ಜನ ಕೈ ಮುಂದೆ ಚಾಚಿದಾರೆ."

ಅವನು ಕೂತ.

"ಬಾವಿ ತೆಗೆಸೋಣ ಅಂತೀರಾ?" ಎಂದರು ಮೇಷ್ಟ್ರು, ಪ್ಲಂಬರನ ಕಡೆ ತಿರುಗಿ. "ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ ಆಗಲ್ವಾ?"

"ತೋಡೋದೇನಿದೆ ಮೇಷ್ಟ್ರೇ. ತೋಡಿ ಮುಚ್ಚಿಟ್ಟಿದಾರೆ. ಮುಚ್ಚಳ ತೆಗೆಯೋದಷ್ಟೆ."

ಶನಿವಾರ ಬೆಳಿಗ್ಗೆ ಪ್ಲಂಬರು ಬಾವಿ ಕೆಲಸದ ಇಬ್ಬರನ್ನು ಕರೆತಂದ. ಸ್ಕೂಟರುಗಳೆಲ್ಲ ಬೀದಿಗೆ ಹೋದವು. ಹಾರೆ ಹಾಕಿ ಚಪ್ಪಡಿ ಸರಿಸಿದಾಗ ಮೂವತ್ತು ವರ್ಷದ ಉಸಿರೊಂದು ಹೊರಬಂತು, ಪರಿಮಳವೇನಲ್ಲ. ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು, ಅದು ಆರದೆ ಉರಿಯುವುದನ್ನು ನೋಡಿದ ಮೇಲೇ ಕೆಲಸದವರು ಒಳಗಿಳಿದರು. ಮೇಲೆ ಬರತೊಡಗಿತು ನೋಡಿ: ಇಟ್ಟಿಗೆ ಚೂರು, ಟೈರು, ಒಂಟಿ ಚಪ್ಪಲಿಗಳು, ಒಂದು ಇಡೀ ಕಮೋಡು, ಕಟ್ಟಡ ಕಟ್ಟುವಾಗಿನ ಸಿಮೆಂಟು ಚೀಲಗಳು, ಸೀಟಿಲ್ಲದ ಸೈಕಲ್ಲು. ಬಾವಿ ತೋಡಿದರೆ ಬೇತಾಳ ಎದ್ದಿತೆಂಬ ಗಾದೆ ಇದೆ. ಇಲ್ಲಿ ಬೇತಾಳನ ಮನೆಸಾಮಾನು ಪೂರ್ತಿ ಎದ್ದಿತು.

ಬುಟ್ಟಿಗಳನ್ನು ದಾಟಿಸಲು ಬೀದಿಯವರೆಗೆ ಜನರ ಸಾಲು ನಿಂತಿತು. ಪಾಲಿಸಿ ಮೇಷ್ಟ್ರ ಮತ್ತು ಡಾಕ್ಟರಮ್ಮನ ನಡುವೆ ನಿಂತ. ಮೊದಲ ಹತ್ತು ಬುಟ್ಟಿಗಳನ್ನು ಇಬ್ಬರೂ ಅವನ ಮುಖ ನೋಡದೆ ದಾಟಿಸಿದರು. ಹನ್ನೊಂದನೆಯದು ಅವನ ಟೈ ಮೇಲೆ ಬಿತ್ತು. ಟೈ ಬಿಚ್ಚಿ ಹಣೆಗೆ ಕಟ್ಟಿಕೊಂಡ. ಡಾಕ್ಟರಮ್ಮ ನಕ್ಕರು.

ಕೆಸರಿನ ವಾಸನೆ ಮೂಗಿಗೆ ಅಡರಿದಾಗ, ಯಾರೂ ಕೇಳದೆಯೇ, ಪಾಲಿಸಿಯ ಬಾಯಲ್ಲಿ ಒಂದು ಮಾತು ಬಂತು. "ನಮ್ಮ ಮನೆ ಹತ್ರ ಒಂದು ಹೊಂಡ ಇತ್ತು. ಏರೋಪ್ಲೇನ್ ಚಿಟ್ಟೆ ಬರ್ತಿದ್ವು. ನಾನು ಒಂದರ ಬಾಲಕ್ಕೆ ದಾರ ಕಟ್ಟಿದ್ದೆ. ದಾರ ಸಮೇತ ಹಾರಿಹೋಯ್ತು. ಎಲ್ಲಿ ಸಿಕ್ಕಿಹಾಕ್ಕೊಂಡಿತೋ ಅಂತ ಒಂದು ವಾರ ಅದನ್ನೇ ಹುಡುಕಿದೆ." ಇಪ್ಪತ್ತೆರಡು ವರ್ಷದಲ್ಲಿ ಅವನು ನಿನ್ನೆಯ ಬಗ್ಗೆ ಮಾತಾಡಿದ್ದು ಅದೇ ಮೊದಲು. ನಿನ್ನೆಗೆ ಯಾವ ಕಂಪನಿಯಲ್ಲೂ ವಿಮೆ ಇಲ್ಲ.

"ಸಿಕ್ತಾ?" ಎಂದರು ಮೇಷ್ಟ್ರು.

"ಇಲ್ಲ."

ಮೇಷ್ಟ್ರು ಬುಟ್ಟಿ ಕೊಟ್ಟರು. "ಹಿಡ್ಕೋ, ಭಾರ ಇದೆ," ಎಂದರು. ವಾರದ ನಂತರ ಅವರು ಅವನೊಡನೆ ಆಡಿದ ಮೊದಲ ಮೃದು ಮಾತು.

ಎರಡನೆಯ ದಿನ ಮಧ್ಯಾಹ್ನ ಕೆಳಗಿನಿಂದ ಕೂಗು ಬಂತು. ಕೆಸರಿನ ಕೆಳಗೆ ಒರತೆ ಇತ್ತು. ಸಂಜೆಯೊಳಗೆ ಮೊಣಕಾಲೆತ್ತರ ನೀರು ನಿಂತು, ಅದರಲ್ಲಿ ತಟ್ಟೆಯಗಲ ಆಕಾಶ ಕಂಡಿತು. ಕಟ್ಟೆ ಇನ್ನೂ ಕಟ್ಟಿರಲಿಲ್ಲ, ಡಾಕ್ಟರಮ್ಮ ಮಗಳನ್ನು ಸೊಂಟ ಹಿಡಿದು ಬಗ್ಗಿಸಿದರು. ಹುಡುಗಿ ಹೆಸರು ಕೂಗಿದಳು. ಬಾವಿ ಸ್ವಲ್ಪ ಯೋಚಿಸಿ ವಾಪಸು ಕೂಗಿತು. ಆಮೇಲೆ ಎಲ್ಲರೂ ಕೂಗಿದರು. ಎಪ್ಪತ್ತೊಂದರ ಮೇಷ್ಟ್ರು ಸುತ್ತ ನೋಡಿ, ಬಗ್ಗಿ, "ಹದಿಮೂರು ಹದಿಮೂರ್ಲಿ?" ಎಂದರು. ಬಾವಿ ಪ್ರಶ್ನೆಯನ್ನೇ ತಿರುಗಿ ಕೇಳಿತು. "ನಲವತ್ತು ವರ್ಷ ಇದೇ ಉತ್ತರ ಕೇಳಿದೀನಿ," ಎಂದು ಅವರು ಕಣ್ಣೊರೆಸಿಕೊಳ್ಳುವವರೆಗೆ ನಕ್ಕರು.

ಒರತೆ ಒಂದನ್ನೇ ನಂಬಿದರೆ ಸಾಲದು, ತಾರಸಿಯ ಮಳೆನೀರನ್ನೂ ಬಾವಿಗೆ ಇಳಿಸೋಣ ಎಂದ ಪ್ಲಂಬರು. ಆ ನೀರನ್ನು ಸೋಸಲು ಜಲ್ಲಿ, ಇದ್ದಿಲು, ಮರಳು ತುಂಬಿದ ನಾಲ್ಕು ಡ್ರಮ್ಮು ಬೇಕು ಎಂದ. ಒಂದು ಚೊಂಬು ನೀರಿಗೆ ಸರಪಳಿ ತೆಗೆಯದವರು ಡ್ರಮ್ಮು ಕೊಡಲು ಜಗಳವಾಡಿದರು. ಕೊನೆಗೆ ಚೀಟಿ ಎತ್ತಬೇಕಾಯಿತು. ಸೋತವರು ಅಧ್ಯಕ್ಷರು ಪಕ್ಷಪಾತ ಮಾಡಿದರು ಎಂದು ಗೊಣಗಿದರು.

ಪೈಪು ಕೂರಿಸುವ ದಿನ ಪಾಲಿಸಿ ಏಣಿ ಹಿಡಿದು ನಿಂತಿದ್ದಾಗ ಡಾಕ್ಟರಮ್ಮನ ಮಗಳು ಬಂದಳು. "ಅಂಕಲ್, ನಾನು ಅಜ್ಜಿ ಆದಾಗ ಈ ಬಾವಿ ಇರುತ್ತಾ?"

ಅವನ ದನಿ ತಾನಾಗಿ ತಗ್ಗಿತು. "ದೇವರು ಹಾಗೆ..." ಎಂದು ತುಟಿಯವರೆಗೆ ಬಂತು. ಹುಡುಗಿಯ ಮುಖ ನೋಡಿದ. ಅಲ್ಲಿ ಆ ಭಾನುವಾರ ಸಭೆಯಲ್ಲಿ ಕಂಡ ಭಯ ಇರಲಿಲ್ಲ, ಬರೀ ಕುತೂಹಲ ಇತ್ತು.

"ಇರುತ್ತೆ," ಎಂದ. "ನೀನು ಅಜ್ಜಿ ಆಗಿ, ಕುರ್ಚಿ ಹಾಕ್ಕೊಂಡು ಇಲ್ಲೇ ಕೂತ್ಕೋತೀಯ. ಮಕ್ಕಳು ಒಂದು ಕಾಗದ ಎಸೆದ್ರೂ ಬೈತೀಯ."

"ಹೇಗೆ ಬೈಲಿ?" ಎಂದಳು. ಅವನು ಕಲಿಸಿಕೊಟ್ಟ. ಆ ದಿನದಿಂದ ಬಾವಿಯ ಹತ್ತಿರ ಯಾರೂ ಉಗುಳುವಂತಿರಲಿಲ್ಲ.

ಮೊದಲ ದೊಡ್ಡ ಮಳೆ ಮಧ್ಯಾಹ್ನ ಬಂತು. ಹದಿನಾರು ಮನೆಯವರೂ ಕೊಡೆ ಹಿಡಿದು ಕೆಳಗಿಳಿದರು. ತಾರಸಿಯಿಂದ ನೀರು ನಾಲ್ಕು ನೀಲಿ ಡ್ರಮ್ಮುಗಳಿಗೆ ಧುಮುಕಿ, ತಿಳಿಯಾಗಿ ಬಾವಿಗೆ ಬಿತ್ತು. ಹೊಸ ಕಟ್ಟೆಯ ಮೇಲೆ ಬಗ್ಗಿ ಮೇಷ್ಟ್ರು ಬಳೆ ಎಣಿಸಿದರು. ಬಾವಿಯ ಒಳಸುತ್ತಿನ ಕಲ್ಲಿನ ಬಳೆಗಳಲ್ಲಿ ಮೂರು ಒಂದೇ ಮಳೆಗೆ ಮುಳುಗಿದ್ದವು. ತಿಂಗಳ ಕೊನೆಗೆ ಅವರು ಮೀಟರು ನೋಡಿ ಸಭೆಗೆ ತಿಳಿಸಿದರು: ಬೀದಿಯ ಕೊಳವೆಯಿಂದ ಪಡೆದ ನೀರು ಅರ್ಧಕ್ಕಿಂತಲೂ ಕಡಿಮೆ. ಬಾವಿಯಿದೆಯೆಂದು ಯಾರೂ ಧಾರಾಳ ಮಾಡಿರಲಿಲ್ಲ. ಕಣ್ಣೆದುರು ನೀರು ಇಳಿಯುವುದನ್ನು ನೋಡಲು ಯಾರಿಗೂ ಇಷ್ಟವಿರಲಿಲ್ಲ. ಪಾಲಿಸಿ ಕೂಡ ನಲ್ಲಿ ನಿಲ್ಲಿಸಿ ಗಡ್ಡ ಕೆರೆಯುತ್ತಿದ್ದ. ಹೆಂಡತಿ ಅದನ್ನು ಗಮನಿಸಿಯೂ ಏನೂ ಹೇಳಲಿಲ್ಲ. ಆ ಮನೆಯಲ್ಲಿ ಅದು ಚಪ್ಪಾಳೆಗೆ ಸಮ.

ಪಾಲಿಸಿ ಮತ್ತೆ ಅರಳಿದ. 'ಆಮೆ ಬಾವಿ' ಎಂದು ತನ್ನ ಕೈಯಾರೆ ಒಂದು ಫಲಕ ಬರೆದು ತೂಗುಹಾಕಿದ, ಮೂಲೆಯಲ್ಲಿ ಆಮೆಯ ಚಿತ್ರ ಸಮೇತ. ಪಕ್ಕದ ಬೀದಿಯವರು ನೋಡಲು ಬಂದರು. ಅವರಿಗೆಲ್ಲ ಅವನೇ ಬಾವಿ ತೋರಿಸುತ್ತಿದ್ದ. ಒಂದು ಗುರುವಾರ, ಎಲ್ಲೋ ಸುದ್ದಿ ಕೇಳಿ, ಆ ಮುಖ್ಯೋಪಾಧ್ಯಾಯಿನಿಯೇ ಮೂವತ್ತು ಮಕ್ಕಳನ್ನು ಕರೆದುಕೊಂಡು ಬಂದರು. ಪಾಲಿಸಿ ಹೊಸ ಟೈ ಕಟ್ಟಿ, ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, ಮಕ್ಕಳಿಗೆ ಬಾವಿಯ ಕಥೆ ಹೇಳಿದ. ಯಾರನ್ನೂ ಹೆದರಿಸಲಿಲ್ಲ. ಮಕ್ಕಳು ಸಾಲಾಗಿ ಹೆಸರು ಕೂಗಿ ಬಾವಿಯನ್ನು ಸುಸ್ತುಮಾಡಿದರು. ಮುಖ್ಯೋಪಾಧ್ಯಾಯಿನಿ ಸುತ್ತ ನೋಡಿ, "ಸೋಮವಾರ ನಿಮ್ಮ ಕಾಗದಪತ್ರ ತಗೊಂಡು ಬನ್ನಿ. ಶಾಲೆ ತಾರಸಿ ಮೇಲೂ ಹೀಗೆ ಮಾಡಬಹುದಾ ಅಂತ ಆ ಪ್ಲಂಬರನ್ನೂ ಕರ್ಕೊಂಡು ಬನ್ನಿ," ಎಂದರು.

ಪಾಲಿಸಿಯ ಎದೆ ಡ್ರಮ್ಮಿನಷ್ಟು ಅಗಲವಾಯಿತು. "ಎಲ್ಲಾ ನಮ್ಮ ಅತ್ತೆಯವರ ನೆನಪಿನ ಶಕ್ತಿ, ಮೇಡಂ. ಅರವತ್ತು ವರ್ಷದ ಹಿಂದೆ ಇದೇ ಜಾಗದಲ್ಲಿ, ಇದೇ ಬಾವೀಲಿ ಆ ಆಮೆ ನೋಡಿದೋರು."

ಹಿಂದಿನ ಸಾಲಿನಿಂದ ಒಬ್ಬಳು ಹುಡುಗಿ ಕೈಯೆತ್ತಿದಳು. "ಅಜ್ಜಿ, ಆಮೆ ಯಾವ ಕಡೆ ಇರ್ತಿತ್ತು?"

ಅತ್ತೆ ಎದ್ದು ಬಂದು, ಕನ್ನಡಕ ಸರಿಮಾಡಿಕೊಂಡು, ಕಟ್ಟೆಯ ಮೇಲಿಂದ ಬಗ್ಗಿ ಚೆನ್ನಾಗಿ ನೋಡಿದರು. "ಈ ಬಾವೀಲಾ? ನನಗೇನು ಗೊತ್ತು ಮಗು. ನಾನು ಇದನ್ನ ನೋಡಿದ್ದೇ ಮೊನ್ನೆ, ಇವರ ಜೊತೆ. ಆಮೆ ಬಾವಿ ಇದ್ದದ್ದು ಬೇರೆ ಊರಲ್ಲಿ. ಇಲ್ಲಿಂದ ರೈಲಲ್ಲಿ ಒಂದೂವರೆ ದಿನ."

ಎಲ್ಲರೂ ಫಲಕ ನೋಡಿದರು. ಫಲಕದ ಮೇಲಿನ ಆಮೆ ಪಾಲಿಸಿಯನ್ನು ನೋಡಿತು.

"ಅತ್ತೆ," ಎಂದ ಪಾಲಿಸಿ, ಮಕ್ಕಳಿಗೆ ಕೇಳಿಸದ ಹಾಗೆ, "ನೀವು ಆವತ್ತು ಇಡೀ ಕಟ್ಟಡಕ್ಕೆ ಹೇಳಿದ್ದು..."

"ಯಾಕೆ, ಸುಳ್ಳೇನು ಹೇಳಿದೆ?" ಅತ್ತೆ ಸಮಾಧಾನದಿಂದ ಕುರ್ಚಿಗೆ ಹಿಂದಿರುಗಿದರು. "ನೀವು ಯಾವತ್ತೂ ಕಾಣದ ನಾಳೆ ಬಗ್ಗೆ ಹೇಳಿ ಮೋಟಾರು ಸುಟ್ರಿ. ನಾನು ಕಣ್ಣಾರೆ ಕಂಡ ನಿನ್ನೆ ಬಗ್ಗೇನೇ ಹೇಳಿದ್ದು, ಅಳಿಯಂದಿರೇ. ಊರು ಒಂಚೂರು ಆಚೀಚೆ ಆಯ್ತು, ಅಷ್ಟೆ."